ಕೇಳುವ ಪುಸ್ತಕ

ದೃಷ್ಟಿ ಮಂದವಾದವರಿಗೆ ಪುಸ್ತಕವನ್ನು ಕಿವಿಯ ಮೂಲಕ ಮುಟ್ಟಿಸುವ ಯತ್ನವು ಹೊಸದಲ್ಲ. ಎಡಿಸನ್ನನು 1877ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿ, ಮರುವರ್ಷವೇ ಅದರ ಪ್ರಯೋಜನಗಳಲ್ಲಿ ಅಂಧರಿಗಾಗಿ ಮಾತನಾಡುವ ಪುಸ್ತಕವನ್ನೂ ಎಣಿಸಿದ್ದನು. ಇಂಗ್ಲೆಂಡಿನಲ್ಲಿ ಅದು ಕೈಗೂಡಿದುದು 1935ರಲ್ಲಿ. ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಯೋಧರೂ ಅದಕ್ಕೆ ಕಾರಣರು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 25 ನಿಮಿಷದ ಓದು. ಒಂದು ಕಾದಂಬರಿಗೆ ತಟ್ಟೆಗಳ ಪೆಟ್ಟಿಗೆಯೇ ಬೇಕಾಗುತ್ತಿದ್ದಿತು. ಅದನ್ನು ಹೊತ್ತು ಊರೂರಿಗೆ ಹೋಗುವವರಾರು?

ಮುಂದೆ ಬಂದ ಕ್ಯಾಸೆಟ್ಟು ಹೊರೆಯನ್ನು ಇಳಿಸಿತು, ನಿಜ. ಆದರೆ ಬೇಕಾದ ಅಧ್ಯಾಯಕ್ಕಾಗಿ ಸುರುಳಿಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತ ಊಹೆಯಿಂದ ತಡಕಬೇಕಾಗಿದ್ದಿತು. ಕಣ್ಣುಳ್ಳವನು ಹಾಳೆ ಮಗುಚಿ ಕ್ಷಣದಲ್ಲಿ ಕಾಣುವುದನ್ನು ಇವನು ಅರ್ಧಗಂಟೆ ಅರಸುವನು. ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯ ಪಾಡೇನು! ಹೊರೆಗಿಂತ ಇದೇ ದೊಡ್ಡ ಕೊರತೆಯೆಂದು ನನ್ನ ಮತ.

ಅದನ್ನು ನೀಗಿಸಲೆಂದೇ ಸ್ವೀಡನ್ನಿನಲ್ಲಿ 1988ರಲ್ಲಿ ಕೆಲಸವು ತೊಡಗಿ, ‘ಡೈಸಿ’ ಎಂಬ ಕ್ರಮವು ಹುಟ್ಟಿತು. 1996ರಲ್ಲಿ ಅದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟವೂ ಏರ್ಪಟ್ಟಿತು. ಇದರಲ್ಲಿ ಧ್ವನಿಯೊಳಗೇ ಅಧ್ಯಾಯಕ್ಕೂ ಪುಟಕ್ಕೂ ಗುರುತುಂಟು. ಬಳಿಕ ಅಂಗೈಯಗಲದ ಶ್ರವಣಯಂತ್ರಗಳು ಬಂದುವು. ವಿಕ್ಟರ್ ರೀಡರ್ ಸ್ಟ್ರೀಮ್ ಎಂಬುದು 2007ರದು. ಇಂದು ಫೋನೂ ಅದೇ ಕೆಲಸವನ್ನು ಮಾಡಬಲ್ಲುದು. ಆದರೂ ನುಣುಪಾದ ಗಾಜಿನ ಮೇಲೆ ಬೆರಳಿಗೆ ಗುರುತು ಸಿಕ್ಕದು. ಗುಂಡಿಗಳುಳ್ಳ ಯಂತ್ರವನ್ನು ಇರುಳಿನಲ್ಲಿಯೂ ತಡವಿ, ನಿಲ್ಲಿಸಿದ ಪುಟದಿಂದಲೇ ಓದನ್ನು ಮುಂದುವರಿಸಬಹುದು.