ದೇರಾದ ಒಂದು ಹಾಸಿಗೆಯ ಹಿಂದಿನ ಕಥೆ

ಬೆಳಗಿನ ಜಾವ ಮೂರೂವರೆ ಗಂಟೆ. ದುಬೈ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟದ್ದೇ ತಡ, ಕನ್ನಡಕದ ಮೇಲೆ ಆವಿ ಕೂತು ನಮಗೆ ಏನೂ ಕಾಣದಾಯಿತು. ಅದು ಜುಲೈ ತಿಂಗಳು. ಊರಿನಲ್ಲಿ ಜಡಿಮಳೆ. ಇಲ್ಲಿ ಮಾತ್ರ ಸೂರ್ಯ ಹುಟ್ಟುವ ಮೊದಲೇ ಭತ್ತ ಬೇಯಿಸುವ ಹಂಡೆಯ ಮುಚ್ಚಳ ತೆಗೆದ ಹಾಗೆ ಹಬೆ.

ಗಲ್ಫಿಗೆ ಹೋದ ನಮ್ಮ ಕಡೆಯವರ ಬಗ್ಗೆ ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೆವು. ಜುಲೈಯಲ್ಲಿ ಟಿಕೆಟ್ ಅಗ್ಗಕ್ಕೆ ಸಿಕ್ಕಿತು. ಯಾಕೆ ಅಗ್ಗ ಎಂಬುದು ಇಳಿದ ಮೇಲೆ ಗೊತ್ತಾಯಿತು.

ನಾವಿಬ್ಬರು ಉಳಿದದ್ದು ದೇರಾದ ನೈಫ್ ಎಂಬ ಜಾಗದ ಹಿಂದಿನ ಗಲ್ಲಿಯಲ್ಲಿ, ಒಂದು ಸಾದಾ ಗೆಸ್ಟ್ ಹೌಸಿನಲ್ಲಿ. ಮೂರನೇ ಮಹಡಿ. ಎರಡು ಮಂಚ, ಒಂದು ಎಸಿ, ಒಂದು ಕಿಟಕಿ. ಕಿಟಕಿ ತೆಗೆದರೆ ಎದುರು ಕಟ್ಟಡದ ಎಸಿಗಳ ಬಿಸಿಗಾಳಿ ಮುಖಕ್ಕೇ ಬಡಿಯುತ್ತಿತ್ತು. ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ನೀರಿನ ಟ್ಯಾಂಕ್ ಟೆರೇಸಿನಲ್ಲಿ ಬಿಸಿಲಿಗೆ ಕಾದಿರುತ್ತದೆ. ಕೌಂಟರಿನಲ್ಲಿದ್ದ ಮಲಯಾಳಿ ಚೇಟ ಉಪಾಯ ಹೇಳಿಕೊಟ್ಟರು. ಗೀಸರ್ ಆಫ್ ಮಾಡಿ, ಬಿಸಿನೀರಿನ ನಲ್ಲಿಯನ್ನೇ ತಿರುಗಿಸಬೇಕು. ಗೀಸರಿನೊಳಗಿನ ನೀರು ಕೋಣೆಯ ಎಸಿ ತಂಪಿನಲ್ಲಿ ಇರುವುದರಿಂದ ಅದೇ ತಣ್ಣೀರು! ಬೇಸಿಗೆಯಲ್ಲಿ ಗಲ್ಫಿನವರು ಎಲ್ಲರೂ ಮಾಡುವುದು ಇದನ್ನೇ ಅಂತೆ.

ಎರಡನೇ ದಿನ ಮೆಟ್ಟಿಲ ಹತ್ತಿರ ಒಬ್ಬ ಹುಡುಗ ಸಿಕ್ಕಿದ. ನಮ್ಮ ಮಾತು ಕೇಳಿ, "ಹ್ವಾಯ್, ನೀವ್ ಊರ್ ಬದಿಯರಾ?" ಎಂದ. ಬೈಂದೂರು ಕಡೆಯವನು, ವಯಸ್ಸು 23. ವಿಸಿಟ್ ವೀಸಾದಲ್ಲಿ ಬಂದು 41 ದಿನ ಆಗಿತ್ತು. ಏಜೆಂಟ್ ಹೇಳಿದ ಕೆಲಸ ಇರಲಿಲ್ಲ, ಏಜೆಂಟ್ ಫೋನ್ ಎತ್ತುತ್ತಿರಲಿಲ್ಲ. ಮನೆಯವರಿಗೆ ಮಾತ್ರ "ಡ್ಯೂಟಿ ಶುರುವಾಗಿದೆ" ಎಂದು ಹೇಳಿದ್ದ. "ಮನೆಗ್ ಹೇಳ್ಬೇಡಿ ಅಕಾ" ಎಂದು ಮೂರು ಸಲ ಹೇಳಿದ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಗಲ್ಫಿನ ದುಡ್ಡಿನಿಂದ ಕಟ್ಟಿದ ಮನೆ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಆ ದುಡ್ಡು ದುಡಿದವನು ಮೊದಲ ರಾತ್ರಿ ಎಲ್ಲಿ ಮಲಗಿದ್ದ, ಅವನಿಗೆ ಬಾಗಿಲು ತೆಗೆದವರು ಯಾರು ಎಂದು ನಾವು ಯಾರೂ ಕೇಳಿಲ್ಲ. ಹಾಗಾಗಿ ಈ ಲೇಖನದಲ್ಲಿ ಆ ಹಾಸಿಗೆಯ ಚರಿತ್ರೆ.

ಗಾಳಿಗೆ ಕಾಯುತ್ತಿದ್ದ ಕಾಲ

ನಮ್ಮ ಕರಾವಳಿಗೂ ಆ ಕೊಲ್ಲಿಗೂ ನಂಟು ಪೆಟ್ರೋಲಿನಿಂದ ಶುರುವಾದದ್ದಲ್ಲ. ವಿಜಯನಗರದ ಕಾಲದಲ್ಲಿ ಹೊರ್ಮುಜ್‌ನಿಂದ ಕುದುರೆಗಳು ಹಡಗಿನಲ್ಲಿ ಭಟ್ಕಳಕ್ಕೆ ಬಂದು ಇಳಿಯುತ್ತಿದ್ದವು. ಹೋಗುವಾಗ ಅದೇ ಹಡಗುಗಳಲ್ಲಿ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿತ್ತು. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ ಇದನ್ನೆಲ್ಲ ಬರೆದಿಟ್ಟಿದ್ದಾನೆ.

ಆಗ ಹಾಯಿ ಹಡಗು. ಗಾಳಿ ತಿರುಗದೆ ಹಡಗು ಹೊರಡುವಂತಿಲ್ಲ. ವ್ಯಾಪಾರಕ್ಕೆ ಹೋದವನು ಪರಊರಿನಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಎಲ್ಲಿ ಕಾಯುವುದು? ತನ್ನವರ ಮನೆಯಲ್ಲಿ, ಇಲ್ಲವೇ ವ್ಯವಹಾರ ಇರುವ ಸಾಹುಕಾರನ ಜಗುಲಿಯಲ್ಲಿ. ಪರಿಚಯದವರೇ ಇಲ್ಲದವನಿಗೆ ದೂರದ ಬಂದರಿನಲ್ಲಿ ಬಹಳ ಕಷ್ಟ.

ಟೆರೇಸಿನ ನಿದ್ದೆ

ನೂರು ವರ್ಷದ ಹಿಂದಿನ ದುಬೈ ಒಂದು ಸಣ್ಣ ಬಂದರು. ಸಮುದ್ರದ ನೀರು ಒಳಗೆ ನುಗ್ಗಿ ನಮ್ಮ ಅಳಿವೆಯ ಹಾಗೆ ಕಾಣುವ ಜಾಗಕ್ಕೆ ಅಲ್ಲಿ ಖೋರ್ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಕ್ರೀಕ್. ಅದರ ಒಂದು ದಡ ದೇರಾ, ಇನ್ನೊಂದು ದಡ ಬರ್ ದುಬೈ. ನಡುವೆ ಅಬ್ರಾ ಎಂಬ ಸಣ್ಣ ದೋಣಿ. ಇವತ್ತಿಗೂ ಒಂದು ದಿರ್ಹಮ್ ಕೊಟ್ಟರೆ ದಾಟಿಸುತ್ತಾರೆ.

ಜನರ ಹೊಟ್ಟೆಪಾಡು ಮುತ್ತು. ಬೇಸಿಗೆ ಬಂತೆಂದರೆ ಗಂಡಸರು ತಿಂಗಳುಗಟ್ಟಲೆ ಸಮುದ್ರದಲ್ಲಿ ಮುತ್ತಿಗಾಗಿ ಮುಳುಗುತ್ತಿದ್ದರು. ಆ ಮುತ್ತಿನ ದೊಡ್ಡ ಮಾರುಕಟ್ಟೆ ಇದ್ದದ್ದು ಮುಂಬೈಯಲ್ಲಿ. ಜಪಾನಿನವರು ಮುತ್ತು ಬೆಳೆಸಲು ಕಲಿತ ಮೇಲೆ, 1930ರ ದಶಕದಲ್ಲಿ ಈ ವ್ಯಾಪಾರ ಮಕಾಡೆ ಮಲಗಿತು.

ಎಸಿ ಇಲ್ಲದ ಕಾಲದಲ್ಲಿ ಆ ಸೆಕೆಯಲ್ಲಿ ಹೇಗೆ ಮಲಗುತ್ತಿದ್ದರು? ಬಡವರ ಮನೆ ಖರ್ಜೂರದ ಗರಿಯದು, ಗರಿಯ ಸಂದಿಯಿಂದ ಗಾಳಿ ಆಡುತ್ತಿತ್ತು. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಮನೆಯ ಮೇಲೆ ಗಾಳಿಗೋಪುರ ಕಟ್ಟಿದರು. ಅದು ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಬರ್ ದುಬೈಯ ಬಸ್ತಕಿಯಾ ಕೇರಿಯಲ್ಲಿ ಈಗಲೂ ಅವನ್ನು ನೋಡಬಹುದು. ರಾತ್ರಿಯಾದರೆ ಜನ ಚಾಪೆ ಹಿಡಿದು ಮಾಳಿಗೆ ಹತ್ತುತ್ತಿದ್ದರು.

1960ರ ಆಸುಪಾಸಿನವರೆಗೆ ದುಬೈಯಲ್ಲಿ ಹೋಟೆಲ್ ಎನ್ನುವಂಥದ್ದು ಹೆಚ್ಚುಕಡಿಮೆ ಇರಲಿಲ್ಲ. ಸಿಂಧ್ ಮತ್ತು ಗುಜರಾತಿನ ವ್ಯಾಪಾರಿಗಳು ತಲೆಮಾರುಗಳಿಂದ ಅಲ್ಲಿದ್ದರು. ಭಾರತದಿಂದ ಬಂದವನು ಅಂಥವರ ನೆರಳಿನಲ್ಲೇ ಉಳಿಯಬೇಕಿತ್ತು. ಚಲಾವಣೆಯಲ್ಲಿ ಇದ್ದದ್ದೂ ನಮ್ಮದೇ ರೂಪಾಯಿ. 1959ರಲ್ಲಿ ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ ಗಲ್ಫ್ ರೂಪಾಯಿ ಬಂತು. 1966ರ ಜೂನ್‌ನಲ್ಲಿ ಇಂದಿರಾ ಗಾಂಧಿ ಸರ್ಕಾರ ರೂಪಾಯಿ ಬೆಲೆ ಇಳಿಸಿದಾಗ ದುಬೈ ರೂಪಾಯಿಯನ್ನು ಬಿಟ್ಟಿತು. ಅದೇ ವರ್ಷ ದುಬೈಯ ಸಮುದ್ರದಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿಂದ ಲೆಕ್ಕ ತಿರುಗಿತು.

ಹಡಗಿನ ಡೆಕ್ಕಿನಲ್ಲಿ

ಆಗ ಗಲ್ಫಿಗೆ ಹೋಗುವ ದಾರಿ ಮುಂಬೈ. ಭಟ್ಕಳ, ಕುಂದಾಪುರ, ಮಂಗಳೂರಿನವರು ಮೊದಲು ಮುಂಬೈ ಸೇರಬೇಕು. ಅಲ್ಲಿ ಮುಸಾಫಿರಖಾನೆ, ಊರಿನವರು ಸೇರಿ ಬಾಡಿಗೆಗೆ ಹಿಡಿದ ರೂಮು, ಇಲ್ಲವೇ ಯಾರದಾದರೂ ಹೋಟೆಲಿನ ಅಟ್ಟ. ಗೋವಾದ ಹಡಗು ಕೆಲಸಗಾರರಿಗೆ ಧೋಬಿ ತಲಾವ್ ಕಡೆ 'ಕೂಡ್' ಎಂಬ ಊರವಾರು ವಸತಿಗಳಿದ್ದವು. ಒಂದೊಂದು ಊರಿಗೆ ಒಂದೊಂದು ಕೂಡ್. ಟ್ರಂಕು ಇಡಲು ಜಾಗ, ಮಲಗಲು ಚಾಪೆ.

ಅಲ್ಲಿಂದ ಹಡಗು. ಬ್ರಿಟಿಷ್ ಇಂಡಿಯಾ ಕಂಪನಿಯ ದ್ವಾರಕಾ, ದುಮ್ರಾ, ದಾರಾ ಮುಂಬೈ, ಕರಾಚಿ, ಕೊಲ್ಲಿಯ ಬಂದರುಗಳು ಎಂದು ಸುತ್ತುತ್ತಿದ್ದವು. ಬಡವರದ್ದು ಡೆಕ್ ಕ್ಲಾಸು. ತಾವೇ ತಂದ ಹಾಸಿಗೆ ಬಿಚ್ಚಿ ಮಲಗಬೇಕು. ದುಬೈಯಲ್ಲಿ ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲ. ಹೊರಗೆ ಲಂಗರು ಹಾಕಿ, ಜನರನ್ನು ದೋಣಿಯಲ್ಲಿ ಇಳಿಸುತ್ತಿದ್ದರು.

1961ರ ಏಪ್ರಿಲ್ 8ರ ನಸುಕಿನಲ್ಲಿ ದಾರಾ ಹಡಗು ದುಬೈಯ ಹೊರಗಿನ ಸಮುದ್ರದಲ್ಲಿ ಸ್ಫೋಟಗೊಂಡು ಹೊತ್ತಿ ಉರಿಯಿತು. 238 ಮಂದಿ ಸತ್ತರು. ದಡ ಮುಟ್ಟಿ ಇನ್ನೊಬ್ಬರ ಕೋಣೆಯಲ್ಲಿ ಮಲಗಬೇಕಿದ್ದವರು ನೀರಿನಲ್ಲೇ ಮುಗಿದರು. ಈ ಹಡಗುಗಳ ಕೊನೆಯದು ದ್ವಾರಕಾ, 1982ರಲ್ಲಿ ನಿಂತಿತು.

ಒಂದು ರೂಮು, ಹತ್ತು ಜನ

1968ರಲ್ಲಿ ದುಬೈಯ ಜನಸಂಖ್ಯೆ ಸುಮಾರು 59 ಸಾವಿರ. 1975ರ ಹೊತ್ತಿಗೆ ಸುಮಾರು 1.83 ಲಕ್ಷ. ಏಳು ವರ್ಷದಲ್ಲಿ ಮೂರು ಪಟ್ಟು! 1973ರ ನಂತರ ಎಣ್ಣೆಯ ಬೆಲೆ ಏರಿತು. ಬಂದರು, ರಸ್ತೆ, ಕಟ್ಟಡ ಕಟ್ಟಲು ಕೈಗಳು ಬೇಕಾದವು. ಬಂದವರಿಗೆ ಮಲಗಲು ಜಾಗ ಮಾತ್ರ ಸಾಲಲಿಲ್ಲ.

ಹಾಗೆ ಬೆಳೆದದ್ದು ಬೆಡ್ ಸ್ಪೇಸ್. ಅಂದರೆ ರೂಮಿಗೆ ಅಲ್ಲ, ಒಂದು ಮಂಚಕ್ಕೆ ಬಾಡಿಗೆ. ಅಟ್ಟದ ಹಾಗೆ ಒಂದರ ಮೇಲೊಂದು ಮಂಚ. ಹಗಲು ಡ್ಯೂಟಿಯವನು ಎದ್ದ ಹಾಸಿಗೆಗೆ ರಾತ್ರಿ ಡ್ಯೂಟಿಯವನು ಬರುತ್ತಿದ್ದದ್ದೂ ಉಂಟು. ಕಷ್ಟ ನಿಜ. ಆದರೆ ಆ ರೂಮಿನಲ್ಲಿ ಒಂದು ಕಟ್ಟಳೆ ಇತ್ತು. ಊರಿನಿಂದ ಹೊಸಬ ಬಂದರೆ ಕೆಲಸ ಸಿಗುವವರೆಗೆ ಅವನಿಂದ ಬಾಡಿಗೆ ಕೇಳುವುದಿಲ್ಲ. ಊಟ ಎಲ್ಲರ ಮೆಸ್ಸಿನಲ್ಲೇ. ಸಂಬಳ ಸಿಕ್ಕ ಮೇಲೆ ಅವನು ಮುಂದಿನವನಿಗೆ ಹಾಗೆಯೇ ಮಾಡಬೇಕು. ಎಲ್ಲೂ ಬರೆದಿಟ್ಟದ್ದಲ್ಲ. ನಮ್ಮ ಊರಿನ ಹಳೆಯ ಗಲ್ಫಿನವರನ್ನು ಕೇಳಿದರೆ ಎಲ್ಲರೂ ಹೇಳುವುದು ಇದನ್ನೇ.

ಇಂಥ ಇಕ್ಕಟ್ಟಿಗೆ ಬೆಲೆಯನ್ನೂ ತೆತ್ತಿದ್ದಾರೆ. 2008ರ ಆಗಸ್ಟಿನಲ್ಲಿ ನಾವು ಉಳಿದಿದ್ದ ಇದೇ ನೈಫ್‌ನಲ್ಲಿ, ಕೆಲಸಗಾರರು ತುಂಬಿದ್ದ ಒಂದು ಮನೆಗೆ ಬೆಂಕಿ ಬಿದ್ದು 11 ಮಂದಿ ಸತ್ತರು. 2023ರ ಏಪ್ರಿಲಿನಲ್ಲಿ ದೇರಾದ ಅಲ್ ರಾಸ್‌ನಲ್ಲಿ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು 16 ಮಂದಿ ಸತ್ತರು, ಅವರಲ್ಲಿ ನಾಲ್ವರು ಭಾರತದವರು.

ಕೀಶ್ ದ್ವೀಪದ ಕಾಯುವಿಕೆ

ವಿಸಿಟ್ ವೀಸಾದವರ ಕಥೆಗೆ ಇನ್ನೊಂದು ಅಧ್ಯಾಯ ಇದೆ. 2008ಕ್ಕೆ ಮೊದಲು ವೀಸಾ ಮುಗಿದರೆ ದೇಶ ಬಿಟ್ಟು ಹೊರಗೆ ಹೋಗಿ ಹೊಸ ವೀಸಾದಲ್ಲಿ ಮರಳಬೇಕಿತ್ತು. ಊರಿಗೆ ಬಂದು ಹೋಗಲು ದುಡ್ಡು ಎಲ್ಲಿದೆ? ಹತ್ತಿರದಲ್ಲಿ ಇರಾನಿನ ಕೀಶ್ ದ್ವೀಪ ಇತ್ತು. ಅಲ್ಲಿಗೆ ಮುಂಚಿತವಾಗಿ ವೀಸಾ ಬೇಡ. ಸಣ್ಣ ವಿಮಾನದಲ್ಲಿ ಹೋಗಿ, ಅಗ್ಗದ ಗೆಸ್ಟ್ ಹೌಸಿನಲ್ಲಿ ಹಾಸಿಗೆ ಹಿಡಿದು, ದುಬೈಯಿಂದ ಫ್ಯಾಕ್ಸ್ ಬರುವುದನ್ನು ಕಾಯುವುದು. ಕೆಲವರಿಗೆ ಎರಡು ದಿನ, ಕೆಲವರಿಗೆ ವಾರಗಟ್ಟಲೆ. ಹಿಂದೆ ಗಾಳಿಗೆ ಕಾಯುತ್ತಿದ್ದವರ ಮೊಮ್ಮಕ್ಕಳು ಈಗ ಕಾಗದಕ್ಕೆ ಕಾದರು.

2004ರ ಫೆಬ್ರವರಿ 10ರಂದು ಕೀಶ್‌ನಿಂದ ಶಾರ್ಜಾಕ್ಕೆ ಬರುತ್ತಿದ್ದ ವಿಮಾನ ಇಳಿಯುವ ಹೊತ್ತಿಗೆ ಬಿತ್ತು. ಅದರಲ್ಲಿದ್ದ 46 ಮಂದಿಯಲ್ಲಿ 43 ಮಂದಿ ಸತ್ತರು. 2008ರಲ್ಲಿ ವೀಸಾ ನಿಯಮ ಬದಲಾದ ಮೇಲೆ ಈ ಓಡಾಟ ಇಳಿಯಿತು.

ಈಗ ಬಾಗಿಲು ತೆಗೆಯುವವರು ಯಾರು?

2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಶುರುವಾಯಿತು. ಮುಂಬೈಯ ಮುಸಾಫಿರಖಾನೆ ಬೇಡವಾಯಿತು. ರೂಮನ್ನು ಮೊಬೈಲಿನಲ್ಲೇ ಬುಕ್ ಮಾಡಬಹುದು. ಬಿಲ್ಲಿನಲ್ಲಿ ಟೂರಿಸಂ ದಿರ್ಹಮ್ ಎಂದು ಒಂದು ಶುಲ್ಕ ಸೇರಿಸುತ್ತಾರೆ, 2014ರಿಂದ ಬಂದದ್ದು. ಪಾಸ್‌ಪೋರ್ಟ್ ತೋರಿಸಿದರೆ ಕೀಲಿ ಕೈಗೆ. ಯಾರ ಹಂಗೂ ಇಲ್ಲ.

ಇದು ಒಳ್ಳೆಯದೇ. ಹಳೆಯ ರೂಮುಗಳಲ್ಲಿ ಊರು, ಜಾತಿ, ಜಮಾತು ನೋಡಿಯೇ ಬಾಗಿಲು ತೆಗೆಯುತ್ತಿದ್ದರು. ಯಾರ ಪರಿಚಯವೂ ಇಲ್ಲದವನಿಗೆ ಗಲ್ಫ್ ಸಿಗುತ್ತಿರಲಿಲ್ಲ. ಗೆಸ್ಟ್ ಹೌಸ್ ಅವನಿಗೂ ಬಾಗಿಲು ತೆಗೆಯಿತು.

ಆದರೆ ಆ ಬಾಗಿಲು ದುಡ್ಡು ಇರುವ ತನಕ ಮಾತ್ರ ತೆರೆದಿರುತ್ತದೆ. ಹಳೆಯ ರೂಮಿನಲ್ಲಿ ಕೆಲಸ ಸಿಗದಿದ್ದರೆ ಬೈಗುಳ ಸಿಗುತ್ತಿತ್ತು, ಜೊತೆಗೆ ಊಟವೂ ಸಿಗುತ್ತಿತ್ತು. ಬೈಂದೂರಿನ ಆ ಹುಡುಗನ ಮಂಚದ ಸುತ್ತ ನಾಲ್ಕು ದೇಶದ ಜನ ಇದ್ದರು. ಅವನು ಎರಡು ದಿನದಿಂದ ಖುಬ್ಬೂಸ್ ಮತ್ತು ಮೊಸರಿನಲ್ಲಿ ದಿನ ದೂಡುತ್ತಿದ್ದದ್ದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೂರನೇ ದಿನ ಸಂಜೆ ಅವನು ನಮ್ಮನ್ನು ಕ್ರೀಕಿನ ದಡಕ್ಕೆ ಕರೆದುಕೊಂಡು ಹೋದ. "ಒಂದ್ ಫೋಟೋ ತೆಗೀರಿ, ಹಿಂದ್ ದೊಡ್ ಬಿಲ್ಡಿಂಗ್ ಕಾಣ್ಕ್" ಎಂದ. ಅಮ್ಮನಿಗೆ ಕಳಿಸಲು. ತೆಗೆದುಕೊಟ್ಟೆವು. ಫೋಟೋ ಚೆನ್ನಾಗಿಯೇ ಬಂತು. ಅದರಲ್ಲಿ ಗೆಸ್ಟ್ ಹೌಸು ಇರಲಿಲ್ಲ, ಸೆಕೆ ಇರಲಿಲ್ಲ, 42 ದಿನವೂ ಇರಲಿಲ್ಲ.

ಊರಿಗೆ ಬಂದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನಿಗೆ ವಿರುದ್ಧ. ನಮ್ಮಲ್ಲಿ 1983ರ ವಲಸೆ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟನಿಗೆ ಸರ್ಕಾರದ ನೋಂದಣಿ ಇರಬೇಕು. ಇದನ್ನೆಲ್ಲ ಹೇಳುವವರು ಇದ್ದಾರೆ, ಕೇಳುವವರು ಕಡಿಮೆ. ಹಾಗಾಗಿ ನಾವು ಸುಲಭದ ಒಂದು ಪ್ರಶ್ನೆ ಕೊಡುತ್ತೇವೆ. ನಿಮ್ಮ ಮನೆಯಿಂದ ಯಾರಾದರೂ ಹೊರಟರೆ, ವೀಸಾ ನೋಡುವ ಮೊದಲು ಕೇಳಿ: "ಮೊದಲ ರಾತ್ರಿ ಎಲ್ಲಿ ಮಲಗುವುದು? ಕೆಲಸ ಸಿಗದಿದ್ದರೆ ಮೂವತ್ತನೇ ರಾತ್ರಿ ಎಲ್ಲಿ?" ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರು ಬಂದರೆ ಸ್ವಲ್ಪ ಧೈರ್ಯ. ಬರೀ ಏಜೆಂಟನ ಫೋನ್ ನಂಬರ್ ಬಂದರೆ ಇನ್ನೊಮ್ಮೆ ಯೋಚನೆ ಮಾಡಿ.

ಆ ಹುಡುಗ ವೀಸಾ ಮುಗಿಯಲು ಎರಡು ದಿನ ಇರುವಾಗ ಊರಿಗೆ ಬಂದ. ಟಿಕೆಟಿಗೆ ದುಡ್ಡು ಹಾಕಿದವರು ದೇರಾದಲ್ಲಿ ಹಳೆಯ ಬೆಡ್ ಸ್ಪೇಸಿನಲ್ಲಿದ್ದ ಭಟ್ಕಳದ ಒಬ್ಬ ಹಿರಿಯರು. ಅವರಿಗೆ ಇವನ ಪರಿಚಯ ಇರಲಿಲ್ಲ. ಅಂಗಡಿಯಲ್ಲಿ ಕನ್ನಡ ಮಾತು ಕೇಳಿ ನಿಂತವರು ಅಷ್ಟೆ. ಈಗ ಅವನು ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುತ್ತಿದ್ದಾನೆ. ಹೆಸರು ಹಾಕದೆ ಬರೆಯಿರಿ ಎಂದು ಅವನೇ ಹೇಳಿದ್ದರಿಂದ ಬರೆದಿದ್ದೇವೆ. ಅಮ್ಮನಿಗೆ ಎಲ್ಲ ಹೇಳಿ ಆಗಿದೆಯಂತೆ. ಕ್ರೀಕಿನ ಆ ಫೋಟೋ ಮಾತ್ರ ಇನ್ನೂ ಅವರ ಫೋನಿನಲ್ಲಿ ಇದೆ.