ಗುಮಾಸ್ತನೂ ಕಾರ್ಮಿಕ ಸಂಘವೂ: ಅಂಗಡಿ ಶಾಸನಗಳ ಇತಿಹಾಸದಿಂದ ಒಂದು ವಿಚಾರ

ಮುಂಬಯಿಯ ಅಂಗಡಿಗಳ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲಿ ಕಟ್ಟುಹಾಕಿಸಿ ತೂಗುಬಿಡುವ ನೋಂದಣಿ ಪತ್ರಕ್ಕೆ ವ್ಯಾಪಾರಿಗಳ ಬಾಯಲ್ಲಿ 'ಗುಮಾಸ್ತಾ ಲೈಸೆನ್ಸ್' ಎಂದೇ ಹೆಸರು. ಈ ಹೆಸರಿನಲ್ಲಿ ಒಂದು ವಿಪರ್ಯಾಸವು ಅಡಗಿದೆ. ಆ ಪತ್ರಕ್ಕೆ ಆಧಾರವಾದ ಶಾಸನವು ಹುಟ್ಟಿದುದು ಗುಮಾಸ್ತನ ದುಡಿಮೆಯ ವೇಳೆಯನ್ನು ಕಟ್ಟುಪಾಡಿಗೆ ಒಳಪಡಿಸುವುದಕ್ಕಾಗಿ. ಬಳಕೆಯಲ್ಲಾದರೋ ಅದು ಮಾಲಿಕನು ಬ್ಯಾಂಕಿನಲ್ಲಿ ಖಾತೆ ತೆರೆಯುವುದಕ್ಕೂ ತನ್ನ ವ್ಯಾಪಾರದ ಅಸ್ತಿತ್ವವನ್ನು ರುಜುವಾತುಪಡಿಸುವುದಕ್ಕೂ ಬೇಕಾದ ಕಾಗದವಾಗಿ ಪರಿಣಮಿಸಿತು. ಗುಮಾಸ್ತನ ಹೆಸರು ಉಳಿಯಿತು, ಗುಮಾಸ್ತನು ಮರೆಯಾದನು. ಶಾಸನವೊಂದು ತಾನು ಯಾರಿಗಾಗಿ ಹುಟ್ಟಿತೋ ಅವರ ಕೈಯಿಂದ ಜಾರಿಹೋಗುವುದು ಹೇಗೆ, ಅದನ್ನು ಅವರ ಕೈಯಲ್ಲಿಯೇ ಉಳಿಸುವ ಉಪಾಯ ಯಾವುದು ಎಂಬ ವಿಚಾರವು, ಅಂಗಡಿಯ ನೌಕರರು ಕಾರ್ಮಿಕ ಸಂಘವನ್ನು ಸೇರಬೇಕೆ ಬೇಡವೆ ಎಂಬ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದಾಗಿದೆ.

ಗಿರಣಿಯ ಕಾರ್ಮಿಕನಿಗೂ ಅಂಗಡಿಯ ನೌಕರನಿಗೂ ಇರುವ ಭೇದವನ್ನು ಮೊದಲು ಗಮನಿಸಬೇಕು. ಗಿರಣಿಯಲ್ಲಿ ಸಾವಿರಾರು ಜನರು ಒಂದೇ ಕೂಗಿಗೆ ಒಳಗೆ ಹೋಗಿ ಒಂದೇ ಕೂಗಿಗೆ ಹೊರಗೆ ಬರುವರು. ಅವರ ಕಷ್ಟಗಳು ಒಂದೇ ಬಗೆಯವು, ಅವರ ಮಾಲಿಕನು ಅವರ ಕಣ್ಣಿಗೆ ಬೀಳುವುದೇ ಅಪರೂಪ. ಅಂಗಡಿಯಲ್ಲಿ ಇಬ್ಬರೋ ಮೂವರೋ ನೌಕರರು. ಗಲ್ಲಾದ ಮೇಲೆ ಕುಳಿತ ಮಾಲಿಕನು ಅನೇಕ ವೇಳೆ ಅವರ ಊರಿನವನೇ, ಬಂಧುವೇ ಆಗಿರುವನು. ಜೊತೆಗೆ, ಇಂದಿನ ನೌಕರನು ನಾಳೆ ತಾನೇ ಒಂದು ಅಂಗಡಿಯನ್ನು ತೆರೆಯುವ ಆಸೆಯನ್ನು ಇಟ್ಟುಕೊಂಡಿರುತ್ತಾನೆ. ಈ ಆಸೆಯು ಕೇವಲ ಭ್ರಮೆಯಲ್ಲ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು, ಲೋಟ ತೊಳೆಯುವುದರಿಂದ ಆರಂಭಿಸಿ ಹೋಟೆಲಿನ ಒಡೆಯರಾದವರು ಉಂಟು. ಆದರೆ ಒಡೆಯರಾದವರ ಕಥೆಯನ್ನು ಎಲ್ಲರೂ ಹೇಳುವರು. ಲೋಟ ತೊಳೆಯುತ್ತಲೇ ಮುದುಕರಾದವರ ಕಥೆಯನ್ನು ಹೇಳುವವರಿಲ್ಲ. ಅಂಗಡಿಯ ನೌಕರರಲ್ಲಿ ಸಂಘಟನೆಯು ತಡವಾಗಿ ಬಂದುದಕ್ಕೂ ಬಂದಲ್ಲಿಯೂ ದುರ್ಬಲವಾಗಿ ಉಳಿದುದಕ್ಕೂ ಈ ಸಾಮೀಪ್ಯ ಮತ್ತು ಈ ಆಸೆ ಮುಖ್ಯ ಕಾರಣಗಳು.

ಈ ಪ್ರಶ್ನೆಯನ್ನು ಮೊದಲು ದೀರ್ಘವಾಗಿ ಎದುರಿಸಿದ ದೇಶಗಳಲ್ಲಿ ಇಂಗ್ಲೆಂಡು ಒಂದು. ಅಲ್ಲಿ ಮೊದಲು ಪರೀಕ್ಷಿಸಲ್ಪಟ್ಟ ಮಾರ್ಗವು ಸಂಘದ್ದೂ ಅಲ್ಲ, ಶಾಸನದ್ದೂ ಅಲ್ಲ; ಮನವೊಲಿಕೆಯದು. 1842ರಲ್ಲಿ ಲಂಡನ್ನಿನ ಜವಳಿ ವ್ಯಾಪಾರದ ವಲಯದಲ್ಲಿ ಹುಟ್ಟಿ ಮುಂದೆ 'ಅರ್ಲಿ ಕ್ಲೋಸಿಂಗ್ ಅಸೋಸಿಯೇಷನ್' ಎಂದು ಹೆಸರಾದ ಸಂಸ್ಥೆಯು, ಅಂಗಡಿಗಳನ್ನು ಹೊತ್ತಿಗೆ ಮುಚ್ಚಿರೆಂದು ಮಾಲಿಕರನ್ನೂ, ಹೊತ್ತು ಮೀರಿ ಕೊಳ್ಳಬೇಡಿರೆಂದು ಗಿರಾಕಿಗಳನ್ನೂ ಬೇಡಿಕೊಳ್ಳುತ್ತ ಬಂದಿತು. ಬಿಡುವು ದೊರೆತರೆ ನೌಕರರು ಓದಿನಿಂದಲೂ ಉಪನ್ಯಾಸಗಳಿಂದಲೂ ತಮ್ಮನ್ನು ತಿದ್ದಿಕೊಳ್ಳುವರೆಂಬುದು ಅದರ ವಾದಗಳಲ್ಲಿ ಒಂದಾಗಿತ್ತು. ಉದ್ದೇಶವು ಉದಾತ್ತವಾದುದೇ. ಆದರೆ ಒಂದು ಬೀದಿಯಲ್ಲಿ ಹತ್ತು ಅಂಗಡಿಗಳು ಮುಚ್ಚಲು ಒಪ್ಪಿ ಹನ್ನೊಂದನೆಯದು ದೀಪ ಹಚ್ಚಿಕೊಂಡು ಕುಳಿತರೆ, ಮರುದಿನ ಹತ್ತೂ ಅಂಗಡಿಗಳು ದೀಪ ಹಚ್ಚಲೇಬೇಕಾಗುತ್ತದೆ. ಒಳ್ಳೆಯ ಮಾಲಿಕನ ಒಳ್ಳೆಯತನಕ್ಕೆ ಪೈಪೋಟಿಯೇ ದಂಡ ವಿಧಿಸುವಾಗ ಒಳ್ಳೆಯತನವನ್ನೇ ನಂಬಿ ಕೂಡುವುದು ಸಾಧ್ಯವಾಗಲಿಲ್ಲ.

ಆಗ ಶಾಸನದ ಸರದಿ ಬಂದಿತು. 1886ರ ಶಾಸನವು 18 ವರ್ಷದೊಳಗಿನವರ ದುಡಿಮೆಗೆ, ಊಟದ ವೇಳೆಯೂ ಸೇರಿ, ವಾರಕ್ಕೆ 74 ಗಂಟೆಗಳ ಮಿತಿಯನ್ನು ವಿಧಿಸಿತು. ವಾರಕ್ಕೆ 74 ಗಂಟೆಗಳೆಂಬುದೇ ಒಂದು ಸುಧಾರಣೆಯೆನಿಸಿಕೊಳ್ಳಬೇಕಾದರೆ ಅದಕ್ಕೆ ಮುಂಚಿನ ಸ್ಥಿತಿಯನ್ನು ಊಹಿಸಬಹುದು. ಆದರೆ ಈ ಶಾಸನದಲ್ಲಿ ತಪಾಸಣೆ ಮಾಡುವ ಅಧಿಕಾರಿಗಳ ಏರ್ಪಾಡೇ ಇರಲಿಲ್ಲ. ಅದಕ್ಕೆ ಅವಕಾಶವಾದುದು 1892ರ ಶಾಸನದಲ್ಲಿ. 1899ರಲ್ಲಿ ಮತ್ತೊಂದು ಶಾಸನವು, ಮೂವರು ಮಹಿಳಾ ನೌಕರರಿಗೆ ಒಂದರಂತೆ ಆಸನವನ್ನು ಇಡಬೇಕೆಂದು ವಿಧಿಸಿತು. ಆಸನವನ್ನು ಇಡುವುದು ಒಂದು ಮಾತು, ಅದರ ಮೇಲೆ ಕುಳಿತವಳು ಕೆಲಸವನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಮತ್ತೊಂದು ಮಾತು. ಮೊದಲನೆಯದನ್ನು ಶಾಸನವು ಮಾಡಬಲ್ಲುದು. ಎರಡನೆಯದಕ್ಕೆ ಅವಳ ಬೆನ್ನ ಹಿಂದೆ ಜನ ಬೇಕು.

ಆ ಜನವನ್ನು ಕೂಡಿಸುವ ಪ್ರಯತ್ನವು 1891ರಲ್ಲಿ ಸ್ಥಾಪಿತವಾದ ಅಂಗಡಿ ಸಹಾಯಕರ ರಾಷ್ಟ್ರೀಯ ಸಂಘದಿಂದ ನಡೆಯಿತು. ಅದರ ಮುಂದಿದ್ದ ದೊಡ್ಡ ಅಡಚಣೆಯು 'ಲಿವಿಂಗ್ ಇನ್' ಎಂಬ ಪದ್ಧತಿ. ನೌಕರರು ಮಾಲಿಕನ ಕಟ್ಟಡದಲ್ಲಿಯೇ ಮಲಗಬೇಕು, ಮಾಲಿಕನು ಹಾಕಿದುದನ್ನೇ ಉಣ್ಣಬೇಕು, ಸಂಬಳದ ಒಂದು ಭಾಗವು ಹೀಗೆ ಅನ್ನ ಮತ್ತು ಹಾಸಿಗೆಯ ರೂಪದಲ್ಲಿಯೇ ತೀರಿಹೋಗಬೇಕು; ಸಣ್ಣಪುಟ್ಟ ತಪ್ಪುಗಳಿಗೆಲ್ಲ ಜುಲ್ಮಾನೆಯ ಪಟ್ಟಿ ಬೇರೆ. ಇಂತಹ ನೌಕರನು ಕೆಲಸವನ್ನು ಕಳೆದುಕೊಂಡರೆ ಅದೇ ರಾತ್ರಿ ಸೂರನ್ನೂ ಕಳೆದುಕೊಳ್ಳುವನು. ಯೌವನದಲ್ಲಿ ಜವಳಿ ಅಂಗಡಿಯಲ್ಲಿ ಉಮೇದುವಾರನಾಗಿದ್ದ ಎಚ್. ಜಿ. ವೆಲ್ಸನು 1905ರ 'ಕಿಪ್ಸ್' ಕಾದಂಬರಿಯಲ್ಲಿ ಈ ಜೀವನವನ್ನೇ ಚಿತ್ರಿಸಿದನು. ಮೊದಲನೆಯ ಮಹಾಯುದ್ಧದ ಕಾಲದಿಂದೀಚೆಗೆ ಈ ಪದ್ಧತಿಯು ಕ್ಷೀಣಿಸಿತು. ಹೋಟೆಲಿನ ಮೇಜುಗಳ ಮೇಲೆಯೇ ರಾತ್ರಿಯನ್ನು ಕಳೆದ ತಲೆಮಾರುಗಳ ನೆನಪು ಇರುವ ಮುಂಬಯಿಯ ಕನ್ನಡಿಗರಿಗೆ ಇದು ದೂರದ ದೇಶದ ಕಥೆಯೆಂದು ತೋರಲಾರದು.

ಈ ಸಂಘದ ಇತಿಹಾಸದಲ್ಲಿ ಮಾರ್ಗರೆಟ್ ಬಾಂಡ್‌ಫೀಲ್ಡ್ (1873–1953) ಎಂಬ ಮಹಿಳೆಯ ಸ್ಥಾನವು ವಿಶೇಷವಾದುದು. 14ನೆಯ ವಯಸ್ಸಿನಲ್ಲಿ ಬ್ರೈಟನ್ನಿನ ಅಂಗಡಿಯೊಂದನ್ನು ಸೇರಿದ ಆಕೆ 1894ರಲ್ಲಿ ಲಂಡನ್ನಿನಲ್ಲಿ ಸಂಘದ ಸದಸ್ಯಳಾದಳು. ಗುಪ್ತನಾಮದಿಂದ ಸಂಘದ ಪತ್ರಿಕೆಗೆ ಬರೆದಳು. ನೌಕರಳಾಗಿಯೇ ಅಂಗಡಿಗಳನ್ನು ಹೊಕ್ಕು ಅಲ್ಲಿನ ಸ್ಥಿತಿಗತಿಗಳ ವರದಿಯನ್ನು ಸಂಗ್ರಹಿಸಿದಳು. 1898ರಿಂದ 1908ರವರೆಗೆ ಸಂಘದ ಸಹಾಯಕ ಕಾರ್ಯದರ್ಶಿಯಾಗಿದ್ದಳು. 1929ರಲ್ಲಿ ಕಾರ್ಮಿಕ ಸಚಿವೆಯಾಗಿ ಬ್ರಿಟನ್ನಿನ ಸಂಪುಟವನ್ನು ಸೇರಿದ ಮೊದಲ ಮಹಿಳೆಯೂ ಆಕೆಯೇ. 1911ರ ಶಾಸನವು ಅಂಗಡಿಯ ನೌಕರರಿಗೆ ವಾರಕ್ಕೆ ಅರ್ಧ ದಿನದ ರಜೆಯನ್ನು ಕೊಟ್ಟಿತಾದರೂ ವಯಸ್ಕರ ಒಟ್ಟು ದುಡಿಮೆಯ ಗಂಟೆಗಳಿಗೆ ಸಾಮಾನ್ಯವಾದ ಮಿತಿಯನ್ನು ಹಾಕಲಿಲ್ಲ. ಸಹಕಾರಿ ಅಂಗಡಿಗಳ ನೌಕರರಲ್ಲಿ ಸಂಘಟನೆಯು ಬಲವಾಗಿ ಬೇರೂರಿತು; ಖಾಸಗಿ ಅಂಗಡಿಗಳಲ್ಲಿ ಅದು ಬಹುಕಾಲ ಅಲ್ಪಸಂಖ್ಯಾತರ ಪ್ರಯತ್ನವಾಗಿಯೇ ಉಳಿಯಿತು. ಈ ಎರಡು ಧಾರೆಗಳೂ 1947ರಲ್ಲಿ ಒಂದೇ ಸಂಘವಾಗಿ ಕೂಡಿಕೊಂಡವು.

ಭಾರತದಲ್ಲಿ ಈ ಬಗೆಯ ಶಾಸನವು ಮೊದಲು ರೂಪುಗೊಂಡುದು ಮುಂಬಯಿ ಪ್ರಾಂತದಲ್ಲಿ, 1939ರಲ್ಲಿ. ಅದರ ಬೆನ್ನಿಗೆ ಬಂಗಾಳ, ಪಂಜಾಬ ಮುಂತಾದ ಪ್ರಾಂತಗಳು ನಡೆದವು. ಮದರಾಸಿನ ಶಾಸನವು 1947ರದು, ದಿಲ್ಲಿಯದು 1954ರದು. ಇಡೀ ಕರ್ನಾಟಕಕ್ಕೆ ಅನ್ವಯಿಸುವ ಶಾಸನವು 1961ರಲ್ಲಿ ರಚಿತವಾಯಿತು. ಮುಂಬಯಿಯ 1948ರ ಶಾಸನವು ಅಂಗಡಿಯ ನೌಕರನ ದುಡಿಮೆಗೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. ಇದರ ಸ್ಥಾನದಲ್ಲಿ ಬಂದ ಮಹಾರಾಷ್ಟ್ರದ 2017ರ ಶಾಸನವು, ವರ್ಷದ ಎಲ್ಲ ದಿನಗಳಲ್ಲಿಯೂ ಅಂಗಡಿಯನ್ನು ತೆರೆದಿಡಲು ಅವಕಾಶ ಕೊಟ್ಟು, ತನ್ನ ಮುಖ್ಯ ಕಟ್ಟಳೆಗಳನ್ನು 10 ಅಥವಾ ಹೆಚ್ಚು ಜನರು ದುಡಿಯುವ ಸಂಸ್ಥೆಗಳಿಗೆ ಸೀಮಿತಗೊಳಿಸಿತು. ಸಣ್ಣ ಅಂಗಡಿಯ ಗುಮಾಸ್ತನು ತನ್ನ ಹೆಸರಿನದೇ ಶಾಸನದಿಂದ ಹೀಗೆ ಹೊರಬಿದ್ದಾಗ ಬೀದಿಯಲ್ಲಿ ದೊಡ್ಡ ಸದ್ದೇನೂ ಆಗಲಿಲ್ಲ. ಸದ್ದು ಮಾಡಬೇಕಾದ ಸಂಘಟನೆಯು ಬಲವಾಗಿ ಇರಲಿಲ್ಲವೆಂಬುದೇ ಅದಕ್ಕೆ ಕಾರಣವೆಂದು ಹೇಳಿದರೆ ತಪ್ಪಾಗಲಾರದು.

ಹೊರನಾಡಿನ ಕನ್ನಡಿಗರ ಸಂಸ್ಕೃತಿಗೂ ಈ ವಿಷಯಕ್ಕೂ ಇರುವ ಸಂಬಂಧವನ್ನು ಇಲ್ಲಿ ಸ್ಮರಿಸುವುದು ಉಚಿತ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು ಬಹುಮಟ್ಟಿಗೆ ಹೋಟೆಲು ಅಂಗಡಿಗಳಲ್ಲಿ ದುಡಿಯುತ್ತಿದ್ದ ಹುಡುಗರು. ಈ ಶಾಲೆಗಳ ಕೀರ್ತಿಯನ್ನು ಹೇಳುವಾಗ ಸ್ಥಾಪಕರ ಔದಾರ್ಯವನ್ನೂ ಅಧ್ಯಾಪಕರ ತ್ಯಾಗವನ್ನೂ ಹೊಗಳುವುದು ವಾಡಿಕೆ, ಮತ್ತು ಅದು ನ್ಯಾಯವೂ ಹೌದು. ಆದರೆ ಹುಡುಗನು ಸಂಜೆ ಶಾಲೆಗೆ ಬರಬೇಕಾದರೆ ಯಾರಾದರೂ ಅವನನ್ನು ಹೊತ್ತಿಗೆ ಸರಿಯಾಗಿ ಕೆಲಸದಿಂದ ಬಿಡಬೇಕು. ಬಿಡುವ ಮಾಲಿಕರಿದ್ದರು, ಬಿಡದವರೂ ಇದ್ದರು. ಹುಡುಗನ ವಿದ್ಯೆಯು ಅವನ ಬುದ್ಧಿಗಿಂತ ಹೆಚ್ಚಾಗಿ ಅವನ ಮಾಲಿಕನ ಸ್ವಭಾವವನ್ನು ಅವಲಂಬಿಸಿತ್ತು. ದುಡಿಮೆಗೆ ನಿಶ್ಚಿತವಾದ ಕೊನೆಯ ಗಳಿಗೆಯೊಂದು ಇದ್ದರೆ ಮಾತ್ರ ವಿದ್ಯೆಯು ಅನುಗ್ರಹವಾಗದೆ ಹಕ್ಕಾಗುತ್ತದೆ. ಮಂಗಳೂರಿನಲ್ಲಿ ಜನಿಸಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸರು (1930–2019) ಹೋಟೆಲಿನ ಕೆಲಸಗಾರರನ್ನೂ ಟ್ಯಾಕ್ಸಿ ಚಾಲಕರನ್ನೂ ಸಂಘಟಿಸಿದುದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ, ಅದು ರಾಜಕೀಯದ ಅಧ್ಯಾಯವಷ್ಟೇ ಅಲ್ಲದೆ ಹೊರನಾಡ ಕನ್ನಡಿಗರ ಸಾಮಾಜಿಕ ಇತಿಹಾಸದ ಅಧ್ಯಾಯವೂ ಆಗುತ್ತದೆ.

ಸಮೀಪದ ಕಾಲದ ನಿದರ್ಶನವು ಕೇರಳದ್ದು. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುವ ಮಹಿಳೆಯರಿಗೆ ಶೌಚಾಲಯವಿರಲಿಲ್ಲ. ಗಿರಾಕಿಗಳು ಇಲ್ಲದ ವೇಳೆಯಲ್ಲಿಯೂ ಕುಳಿತುಕೊಳ್ಳಲು ಅನುಮತಿ ಇರಲಿಲ್ಲ. ನೀರು ಕುಡಿಯದೆಯೇ ದಿನ ಕಳೆಯುವುದು ಅವರಿಗೆ ಅಭ್ಯಾಸವಾಗಿತ್ತು, ಅದರಿಂದ ರೋಗಗಳೂ ಬರುತ್ತಿದ್ದವು. ಬಟ್ಟೆ ಹೊಲಿಯುವ ವೃತ್ತಿಯ ಪಿ. ವಿಜಿ ಎಂಬವರ ನೇತೃತ್ವದಲ್ಲಿ 'ಪೆಣ್‌ಕೂಟ್ಟ್' ಎಂಬ ಮಹಿಳಾ ಕೂಟವು ಹುಟ್ಟಿತು. ಸ್ಥಾಪಿತ ಸಂಘಗಳು ಗಂಡಸರ ನಾಯಕತ್ವದವು. ಈ ಕಷ್ಟಗಳು ಅವುಗಳ ಬೇಡಿಕೆಪಟ್ಟಿಯಲ್ಲಿ ಸ್ಥಾನ ಪಡೆದಿರಲಿಲ್ಲ. ಆದುದರಿಂದ ಅಸಂಘಟಿತ ವಲಯದ ನೌಕರರಿಗಾಗಿ ಪ್ರತ್ಯೇಕವಾದ ಸಂಘವೂ ರೂಪುಗೊಂಡಿತು. ತ್ರಿಶೂರಿನ ಸೀರೆ ಅಂಗಡಿಯೊಂದರ ನೌಕರ ಮಹಿಳೆಯರು 2014ರ ಕೊನೆಯಿಂದ ನೂರಕ್ಕೂ ಹೆಚ್ಚು ದಿನ ಮುಷ್ಕರ ಹೂಡಿದರು. 2018ರಲ್ಲಿ ಕೇರಳವು ತನ್ನ ಅಂಗಡಿ ಶಾಸನವನ್ನು ತಿದ್ದಿ ಆಸನವನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿಯನ್ನು ಹಿಡಿಯಿತು. ಇಂಗ್ಲೆಂಡಿನ 1899ರ ಆಸನವು ಕೋಳಿಕ್ಕೋಡಿಗೆ ತಲುಪಲು 119 ವರ್ಷ ಹಿಡಿದಂತಾಯಿತು.

ಸಂಘಕ್ಕೆ ವಿರುದ್ಧವಾದ ವಾದಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಣ್ಣ ಅಂಗಡಿಯ ಲಾಭವು ಅತ್ಯಲ್ಪ. ಸಂಬಳದ ಬೇಡಿಕೆಯು ಮಿತಿಮೀರಿದರೆ ಅಂಗಡಿಯೇ ಮುಚ್ಚೀತು, ನೌಕರನೂ ಬೀದಿಗೆ ಬಿದ್ದಾನು ಎಂಬುದು ಒಂದು. ನಾಯಕರು ಹೊರಗಿನವರಾಗಿ, ಪಕ್ಷಗಳ ಲೆಕ್ಕಾಚಾರಕ್ಕೆ ನೌಕರರ ಹೊಟ್ಟೆಯನ್ನು ಪಣವಿಡುವರು ಎಂಬುದು ಇನ್ನೊಂದು. ಮನೆಯವನಂತಿದ್ದವನು ಎದುರಾಳಿಯಾಗುವನು ಎಂಬುದು ಮೂರನೆಯದು. ಮೊದಲನೆಯದಕ್ಕೆ ಉತ್ತರವು ಸಂಘದ ಸ್ವರೂಪದಲ್ಲಿಯೇ ಇದೆ. 1926ರ ಕಾರ್ಮಿಕ ಸಂಘಗಳ ಕಾಯಿದೆಯು ನೋಂದಣಿಗೆ ಕನಿಷ್ಠ ಏಳು ಜನರನ್ನು ಬಯಸಿತು. 2020ರ ಸಂಹಿತೆಯೂ ಆ ಸಂಖ್ಯೆಯನ್ನು ಉಳಿಸಿಕೊಂಡಿತು. ಮೂವರು ನೌಕರರ ಅಂಗಡಿಯು ಒಂಟಿಯಾಗಿ ಸಂಘವನ್ನು ಕಟ್ಟಲಾರದು, ಕಟ್ಟಲೂ ಬೇಕಾಗಿಲ್ಲ. ಕಟ್ಟಬೇಕಾದುದು ಬೀದಿಯ ಸಂಘವನ್ನು, ಪೇಟೆಯ ಸಂಘವನ್ನು. ಇಡೀ ಪೇಟೆಗೆ ಒಂದೇ ನಿಯಮವಾದರೆ ಯಾವ ಒಬ್ಬ ಮಾಲಿಕನೂ ಪೈಪೋಟಿಯಲ್ಲಿ ಸೋಲುವುದಿಲ್ಲ. ದೀಪ ಹಚ್ಚಿ ಕುಳಿತ ಹನ್ನೊಂದನೆಯ ಅಂಗಡಿಯಿಂದ ಉಳಿದ ಹತ್ತಕ್ಕೂ ರಕ್ಷಣೆ ದೊರೆಯುತ್ತದೆ. ಎರಡನೆಯ ಆಕ್ಷೇಪಣೆಗೆ ಬಾಂಡ್‌ಫೀಲ್ಡಳೂ ವಿಜಿಯೂ ಉತ್ತರವಾಗಿದ್ದಾರೆ: ಇಬ್ಬರೂ ದುಡಿಮೆಯ ಒಳಗಿನಿಂದಲೇ ಬಂದವರು. ಮೂರನೆಯದಕ್ಕೆ ಹೇಳಬೇಕಾದುದಿಷ್ಟೆ: ವಿಶ್ವಾಸವು ಗಟ್ಟಿಯಾಗಿದ್ದರೆ ಒಂದು ಲಿಖಿತ ಕರಾರಿನಿಂದ ಅದು ಮುರಿಯುವುದಿಲ್ಲ; ಮುರಿದರೆ, ಅದು ವಿಶ್ವಾಸವಾಗಿರದೆ ಅವಲಂಬನೆಯಷ್ಟೇ ಆಗಿತ್ತೆಂದು ತಿಳಿಯಬೇಕು.

ಈ ಇತಿಹಾಸದಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮನವೊಲಿಕೆಯು ಪೈಪೋಟಿಯ ಎದುರಿನಲ್ಲಿ ನಿಲ್ಲಲಾರದು. ಶಾಸನವು ತಪಾಸಣೆಯಿಲ್ಲದೆ ನಡೆಯಲಾರದು. ತಪಾಸಣಾಧಿಕಾರಿಯು ಪ್ರತಿಯೊಂದು ಅಂಗಡಿಯಲ್ಲಿಯೂ ಪ್ರತಿದಿನವೂ ನಿಲ್ಲಲಾರನು. ಪ್ರತಿದಿನವೂ ಅಲ್ಲಿ ನಿಂತಿರುವವನು ನೌಕರನೊಬ್ಬನೇ. ಅವನು ಬಾಯಿ ತೆರೆದರೆ ಶಾಸನಕ್ಕೆ ಜೀವ ಬರುತ್ತದೆ. ಒಬ್ಬಂಟಿಯಾಗಿ ಬಾಯಿ ತೆರೆದರೆ ಅವನ ಕೆಲಸ ಹೋಗುತ್ತದೆ. ಆದುದರಿಂದ ಅಂಗಡಿಯ ನೌಕರರು ಸಂಘವನ್ನು ಸೇರತಕ್ಕದ್ದು. ಆದರೆ ಅದು ಅವರೇ ನಡೆಸುವ, ಮಹಿಳೆಯರಿಗೆ ನಾಯಕತ್ವವಿರುವ, ಅಂಗಡಿಯ ಆದಾಯದ ಅಳತೆಯನ್ನು ಬಲ್ಲ ಸಂಘವಾಗಿರತಕ್ಕದ್ದು. ಹೊರನಾಡಿನ ಕನ್ನಡ ಸಂಸ್ಥೆಗಳು ಊರಿನಿಂದ ಬಂದ ಹುಡುಗರಿಗೆ ಅಕ್ಷರವನ್ನು ಕೊಟ್ಟವು. ಆ ಅಕ್ಷರದಿಂದ ಅವರು ಮೊದಲು ಓದಬೇಕಾದ ಬರಹಗಳಲ್ಲಿ ತಮ್ಮ ದುಡಿಮೆಯ ಕರಾರೂ ಒಂದೆಂದು ತಿಳಿಸಿಕೊಡುವ ಹೊಣೆಯೂ ಆ ಸಂಸ್ಥೆಗಳ ಮೇಲೆಯೇ ಇದೆ.