ಹವ್ಯಾಸಿಗಳ ಕುಲುಮೆ: ಹಳೆಯ ಉಪಕರಣಗಳು ಮತ್ತು ಕಮ್ಮಾರ ವಿದ್ಯೆಯ ಮರುಗಳಿಕೆ

ಜಾನಪದವೆಂದರೆ ಹಾಡು, ಕತೆ, ಗಾದೆ, ಒಗಟು ಎಂಬ ತಿಳಿವಳಿಕೆ ಕನ್ನಡದ ವಿದ್ವತ್ ವಲಯದಲ್ಲಿ ಬಹುಕಾಲ ಬಲವಾಗಿತ್ತು. ವೃತ್ತಿಗಳ ಕಡೆಗೆ ನಮ್ಮ ಗಮನ ಹರಿದಾಗಲೂ ಆ ವೃತ್ತಿಯವರ ಕುಲಪುರಾಣ, ಬೆಡಗು, ಮದುವೆಯ ಶಾಸ್ತ್ರ, ಸಾವಿನ ಆಚರಣೆಗಳೇ ಮುಂದಾದವು. ಅವರು ಹಗಲೆಲ್ಲ ಕೈಯಲ್ಲಿ ಹಿಡಿದು ದುಡಿಯುತ್ತಿದ್ದ ಉಪಕರಣಗಳು ಅನುಬಂಧದ ಪಟ್ಟಿಯೊಂದಕ್ಕೆ ಸರಿದವು. ಕಮ್ಮಾರಿಕೆಯ ಮಟ್ಟಿಗೆ ಆ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ತಿದಿ, ಅಡೆಗಲ್ಲು, ಸುತ್ತಿಗೆ, ಚಮ್ಮಟಿಗೆ, ಇಕ್ಕಳ, ಚಾಣ, ಅರ. ಈ ಏಳು ಹೆಸರುಗಳನ್ನು ಬರೆದಾತನಿಗೆ ಒಂದು ಕುಡುಗೋಲಿಗೆ ಹದ ಕೊಡಲು ಬರುವುದಿಲ್ಲ, ಓದಿದಾತನಿಗೂ ಬರುವುದಿಲ್ಲ. ಬರಬೇಕೆಂದೇನೂ ಇಲ್ಲ ಎಂದು ಇಷ್ಟು ಕಾಲ ಭಾವಿಸಿದ್ದೇವೆ. ಆದರೆ ಒಂದು ಕಸುಬಿನ ಪರಂಪರೆ ಕಡಿದುಹೋದ ಮೇಲೆ ಅದನ್ನು ಮತ್ತೆ ಕಲಿಯಲು ಹೊರಟವರಿಗೆ ಏನೇನು ಬೇಕಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ಈ ಭಾವನೆ ನಿಲ್ಲುವುದಿಲ್ಲ. ಇದಕ್ಕೆ ಉತ್ತರ ಕೊಡಬಲ್ಲ ಚರಿತ್ರೆಯೊಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದಿದೆ. ಅಲ್ಲಿ ಕಮ್ಮಾರಿಕೆ ಜೀವನೋಪಾಯವಾಗಿ ಬಹುಮಟ್ಟಿಗೆ ಅಳಿದು, ಹವ್ಯಾಸವಾಗಿ ಮತ್ತೆ ಹುಟ್ಟಿತು. ಅದನ್ನು ಪರಿಶೀಲಿಸಿ, ಅದರ ಬೆಳಕಿನಲ್ಲಿ ನಮ್ಮ ದಾಖಲಾತಿಯ ಕ್ರಮವನ್ನು ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪೆನ್ಸಿಲ್ವೇನಿಯಾದ ಡಾಯ್ಲ್‌ಸ್ಟೌನ್ ಪಟ್ಟಣದ ಹೆನ್ರಿ ಚಾಪ್‌ಮನ್ ಮರ್ಸರ್ ಪುರಾತತ್ತ್ವಜ್ಞನಾಗಿದ್ದ. 1897ರಲ್ಲಿ ಹಳೆಯ ಕಾಲದ ಒಲೆಯ ಇಕ್ಕಳವೊಂದನ್ನು ಹುಡುಕಿಕೊಂಡು ಗುಜರಿ ವ್ಯಾಪಾರಿಯೊಬ್ಬನಲ್ಲಿಗೆ ಹೋದಾಗ, ಅಲ್ಲಿ ರಾಶಿ ಬಿದ್ದಿದ್ದ ಕೈಕಸುಬಿನ ಸಲಕರಣೆಗಳು ಅವನ ಕಣ್ಣಿಗೆ ಬಿದ್ದವು. ಒಂದೆರಡು ತಲೆಮಾರಿನ ಹಿಂದೆ ಮನೆಮನೆಯಲ್ಲಿ ಬಳಕೆಯಲ್ಲಿದ್ದ ವಸ್ತುಗಳು ಉತ್ಖನನದಲ್ಲಿ ಸಿಕ್ಕ ಅವಶೇಷಗಳಂತೆ ಅವನಿಗೆ ಕಂಡವು. ಅಂದಿನಿಂದ ಅವನು ಸಂಗ್ರಹಕ್ಕೆ ತೊಡಗಿ, 1916ರಲ್ಲಿ ಅವುಗಳಿಗಾಗಿ ಕಾಂಕ್ರೀಟಿನ ದೊಡ್ಡ ವಸ್ತುಸಂಗ್ರಹಾಲಯವನ್ನೇ ಕಟ್ಟಿಸಿದ. 1933ರಲ್ಲಿ ಇದೇ ಆಸಕ್ತಿಯುಳ್ಳವರು ಕೂಡಿ 'ಅರ್ಲಿ ಅಮೆರಿಕನ್ ಇಂಡಸ್ಟ್ರೀಸ್ ಅಸೋಸಿಯೇಷನ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇವರೆಲ್ಲ ಉಪಕರಣವನ್ನು ಉಳಿಸಿದವರು. ಅದನ್ನು ಮತ್ತೆ ದುಡಿಮೆಗೆ ಹಚ್ಚುವ ಪ್ರಸ್ತಾಪ ಆಗ ಮುಖ್ಯವಾಗಿರಲಿಲ್ಲ.

ಈ ನಡುವೆ ಕುಲುಮೆಗಳು ಒಂದೊಂದಾಗಿ ಮುಚ್ಚಿದವು. ಕಾರಣಗಳು ಪರಿಚಿತವೇ. ಕಾರ್ಖಾನೆಯ ಅಗ್ಗದ ಸರಕು ಬಂದಿತು. ಕುದುರೆಯ ಜಾಗಕ್ಕೆ ಮೋಟಾರು ಮತ್ತು ಟ್ರ್ಯಾಕ್ಟರು ಬಂದವು. ವಿದ್ಯುತ್ ಬೆಸುಗೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ವಿಶೇಷವಾಗಿ 1942ರಲ್ಲಿ, ಯುದ್ಧಸಾಮಗ್ರಿಗಾಗಿ ನಡೆದ ಹಳೆ ಕಬ್ಬಿಣದ ಸಂಗ್ರಹ ಅಭಿಯಾನದಲ್ಲಿ ಹಳೆಯ ಯಂತ್ರ, ಸಲಕರಣೆಗಳೂ ಕರಗುವ ಕುಲುಮೆಗೆ ಹೋದವು. ಕೆಲವೇ ವೃದ್ಧ ಕಮ್ಮಾರರು ಉಳಿದಿದ್ದರು. ಅವರ ಬಳಿ ಕಲಿಯಲು ಮಕ್ಕಳು ಬರಲಿಲ್ಲ.

1969ರಲ್ಲಿ ಅಟ್ಲಾಂಟಾದ ಅಲೆಕ್ಸ್ ಬೀಲರ್ 'ದಿ ಆರ್ಟ್ ಆಫ್ ಬ್ಲ್ಯಾಕ್‌ಸ್ಮಿತಿಂಗ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಅವರು ಹುಟ್ಟಿನಿಂದ ಕಮ್ಮಾರರಲ್ಲ, ಜಾಹೀರಾತು ಕ್ಷೇತ್ರದವರು ಎಂಬುದು ಗಮನಾರ್ಹ. ಮರುವರ್ಷ ಕಾರ್ಬನ್‌ಡೇಲಿನ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೋಹಶಿಲ್ಪಿ ಬ್ರೆಂಟ್ ಕಿಂಗ್ಟನ್ ಅವರು ಕಮ್ಮಾರಿಕೆಯ ಕಮ್ಮಟ ನಡೆಸಿದರು. 1973ರಲ್ಲಿ ಜಾರ್ಜಿಯಾ ರಾಜ್ಯದ ಲಂಪ್ಕಿನ್‌ನಲ್ಲಿ 27 ಜನ ಸೇರಿ ಉತ್ತರ ಅಮೆರಿಕದ ಕಲಾವಿದ ಕಮ್ಮಾರರ ಸಂಘವನ್ನು ಕಟ್ಟಿದರು. 1978ರಲ್ಲಿ ಬ್ರಿಟನ್ನಿನಲ್ಲಿಯೂ ಅಂತಹ ಸಂಘ ಹುಟ್ಟಿತು. ಮುಂದೆ ಈ ಸಂಘಗಳಿಗೆ ಬಂದವರಲ್ಲಿ ಅಧ್ಯಾಪಕರು, ಎಂಜಿನಿಯರರು, ರೈತರು, ನಿವೃತ್ತರು ಎಲ್ಲರೂ ಇದ್ದರು. ಹಗಲು ಬೇರೆ ಉದ್ಯೋಗ, ವಾರಾಂತ್ಯದಲ್ಲಿ ಹಿತ್ತಿಲ ಕೊಟ್ಟಿಗೆಯಲ್ಲಿ ಕುಲುಮೆ. ಹೊಟ್ಟೆಪಾಡಿಗಲ್ಲದ ಈ ಕಮ್ಮಾರಿಕೆಯನ್ನು ನಮ್ಮ 'ಕಸುಬು' ಎಂಬ ಪದ ಒಳಗೊಳ್ಳುವುದಿಲ್ಲ. ಆದ್ದರಿಂದ 'ಹವ್ಯಾಸಿ' ಎಂಬ ವಿಶೇಷಣವನ್ನು ಇಲ್ಲಿ ಬಳಸಿದೆ.

ಇವರಿಗೆ ಕಲಿಸಿದವರು ಯಾರು? ಮೊದಲನೆಯದಾಗಿ ಅಳಿದುಳಿದ ಹಿರಿಯರು. ಫ್ರಾನ್ಸಿಸ್ ವಿಟೇಕರ್ (1906–1999) ಎಳೆಯ ವಯಸ್ಸಿನಲ್ಲಿ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಯೆಲ್ಲಿನ್ ಅವರ ಕಾರ್ಯಾಗಾರದಲ್ಲಿ, ಬಳಿಕ ಬರ್ಲಿನ್ನಿನಲ್ಲಿ ಕಲಿತವರು. ಕಡಿದುಹೋಗುತ್ತಿದ್ದ ಗುರುಪರಂಪರೆಯ ಒಂದು ಎಳೆ ಅವರ ಮೂಲಕ ಹವ್ಯಾಸಿಗಳಿಗೆ ತಲುಪಿತು. ಎರಡನೆಯದು ಕೈಪಿಡಿಗಳು. ಬ್ರಿಟನ್ನಿನ ಗ್ರಾಮೀಣ ಕೈಗಾರಿಕೆಗಳ ಬ್ಯೂರೋ 1952ರಲ್ಲಿ ಪ್ರಕಟಿಸಿದ 'ದಿ ಬ್ಲ್ಯಾಕ್‌ಸ್ಮಿತ್ಸ್ ಕ್ರಾಫ್ಟ್' ಇವುಗಳಲ್ಲಿ ಮುಖ್ಯವಾದುದು. ಅದರಲ್ಲಿ ಕಮ್ಮಾರರ ಚರಿತ್ರೆಯಾಗಲಿ ನಂಬಿಕೆಯಾಗಲಿ ಇಲ್ಲ. ಕಬ್ಬಿಣವನ್ನು ಹೇಗೆ ಹಿಡಿಯಬೇಕು, ಯಾವ ಕಾವಿನಲ್ಲಿ ಎಲ್ಲಿ ಹೊಡೆಯಬೇಕು ಎಂಬುದನ್ನು ಹಂತಹಂತವಾಗಿ ಛಾಯಾಚಿತ್ರಗಳಲ್ಲಿ ತೋರಿಸಲಾಗಿದೆ. ಜಾನಪದ ವಿದ್ವಾಂಸರು ಶುಷ್ಕವೆಂದು ಪಕ್ಕಕ್ಕಿಡಬಹುದಾದ ಈ ಪುಸ್ತಕವೇ ಹವ್ಯಾಸಿಗಳಿಗೆ ಬಹುಕಾಲ ಪಾಠಪುಸ್ತಕವಾಯಿತು.

ಮೂರನೆಯ ಗುರು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕುತೂಹಲಕರವಾದುದು, ಹಳೆಯ ಉಪಕರಣ. ಅಡೆಗಲ್ಲಿನ ಉದಾಹರಣೆಯೊಂದು ಸಾಕು. ಇಂಗ್ಲೆಂಡಿನ ಪೀಟರ್ ರೈಟ್ ಮುದ್ರೆಯ ಅಡೆಗಲ್ಲಿನ ಮಗ್ಗುಲಲ್ಲಿ ಮೂರು ಅಂಕಿಗಳನ್ನು ಕೊರೆದಿರುತ್ತದೆ. 1, 2, 8 ಎಂದಿದ್ದರೆ ಅದನ್ನು ನೂರಿಪ್ಪತ್ತೆಂಟು ಎಂದು ಓದಬಾರದು. ಮೊದಲನೆಯದು 112 ಪೌಂಡಿನ ಹಂಡ್ರೆಡ್‌ವೇಟ್, ಎರಡನೆಯದು ಅದರ ಕಾಲುಭಾಗವಾದ 28 ಪೌಂಡು, ಮೂರನೆಯದು ಬಿಡಿ ಪೌಂಡು. ಒಟ್ಟು 176 ಪೌಂಡು, ಅಂದರೆ ಸುಮಾರು 80 ಕಿಲೋ. ಇದು ಮೆದು ಕಬ್ಬಿಣದ ಒಡಲಿಗೆ ಉಕ್ಕಿನ ಮುಖವನ್ನು ಬೆಸೆದ ಕಲ್ಲು; ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ತಯಾರಾದ ಫಿಶರ್ ಅಡೆಗಲ್ಲು ಹದ್ದಿನ ಮುದ್ರೆಯುಳ್ಳದ್ದು. ಉಕ್ಕಿನ ಮುಖಕ್ಕೆ ಎರಕದ ಕಬ್ಬಿಣದ ಒಡಲು. ಅದು ಮೂಕ, ನಾದವಿಲ್ಲವೆಂದು ಅದನ್ನು ಒಡಕು ಎಂದು ತಿಳಿದವರು ಮೋಸಹೋಗುತ್ತಾರೆ. ಆದುದರಿಂದ ಬಲ್ಲವರು ನಾದವನ್ನಷ್ಟೇ ನೆಚ್ಚದೆ, ಉಕ್ಕಿನ ಗುಂಡೊಂದನ್ನು ಅದರ ಮೇಲೆ ಬೀಳಿಸಿ ಎಷ್ಟು ಎತ್ತರಕ್ಕೆ ಪುಟಿಯುತ್ತದೆ ಎಂದು ನೋಡುತ್ತಾರೆ. ಮುಖದ ಗಡಸುತನ ಎಲ್ಲಿ ಉಳಿದಿದೆ, ಎಲ್ಲಿ ಹೋಗಿದೆ ಎಂಬುದು ಅದರಿಂದ ತಿಳಿಯುತ್ತದೆ. ರಿಚರ್ಡ್ ಪೋಸ್ಟ್‌ಮನ್ ಎಂಬುವರು ಇಂತಹ ವಿವರಗಳನ್ನು ವರ್ಷಗಟ್ಟಲೆ ಕಲೆಹಾಕಿ 1998ರಲ್ಲಿ 'ಆನ್ವಿಲ್ಸ್ ಇನ್ ಅಮೆರಿಕ' ಎಂಬ ದೊಡ್ಡ ಗ್ರಂಥವನ್ನು ಹೊರತಂದರು. ನಾವು ಶಾಸನಗಳಿಗೆ ತೋರುವ ಶ್ರದ್ಧೆಯನ್ನು ಅವರು ಅಡೆಗಲ್ಲಿಗೆ ತೋರಿದರು ಎಂದರೆ ತಪ್ಪಾಗದು.

ಸವೆತವೂ ಒಂದು ಬರಹವೇ. ಮುಖದ ನಡುಭಾಗ ತಗ್ಗಿದ್ದರೆ ಅಲ್ಲಿ ಹೆಚ್ಚು ಹೊಡೆತ ಬಿದ್ದಿದೆ. ಒಂದೇ ಅಂಚು ಮುಕ್ಕಾಗಿದ್ದರೆ ಕಮ್ಮಾರ ನಿಲ್ಲುತ್ತಿದ್ದ ಮಗ್ಗುಲನ್ನು ಊಹಿಸಬಹುದು. ಇದರಿಂದಲೇ ಹವ್ಯಾಸಿಗಳ ವಲಯದಲ್ಲಿ ಇಂದಿಗೂ ತೀರದ ವಾದವೊಂದಿದೆ. ಮುಕ್ಕಾದ ಅಂಚಿಗೆ ಬೆಸುಗೆ ಹಾಕಿ, ಮುಖವನ್ನು ಯಂತ್ರದಲ್ಲಿ ಹೆರೆದು ಹೊಸದರಂತೆ ಮಾಡಬೇಕೆಂಬುದು ಕೆಲವರ ಮತ. ಹೆರೆದರೆ ತೆಳುವಾದ ಉಕ್ಕಿನ ಮುಖ ಇನ್ನಷ್ಟು ತೆಳುವಾಗುತ್ತದೆ, ಬೆಸುಗೆಯ ಕಾವಿಗೆ ಹದ ಹಾರುತ್ತದೆ, ಇದ್ದಂತೆಯೇ ಬಳಸಬೇಕು ಎಂಬುದು ಹಲವರ ಮತ. ಎರಡನೆಯ ಪಕ್ಷವೇ ಸರಿ ಎಂದು ನನಗೆ ತೋರುತ್ತದೆ; ಅಂಚು ಮುಕ್ಕಾದರೂ ಆ ಕಲ್ಲು ಇನ್ನೂ ಹೊಡೆತ ತಡೆಯುತ್ತದೆ, ಹಾರಿದ ಹದವಾದರೋ ಸುಲಭವಾಗಿ ಮರಳಿ ಬರುವುದಲ್ಲ. ಸಂಘದ ಕೂಟಗಳಲ್ಲಿ ವಾಹನದ ಹಿಂಬದಿಯನ್ನೇ ಅಂಗಡಿಯಾಗಿಸಿ ಹಳೆಯ ಇಕ್ಕಳ, ಸುತ್ತಿಗೆಗಳನ್ನು ಮಾರುತ್ತಾರೆ. 'ಐರನ್ ಇನ್ ದ ಹ್ಯಾಟ್' ಎಂಬ ಚೀಟಿಯಾಟವೂ ಉಂಟು. ಒಬ್ಬೊಬ್ಬರೂ ತಮ್ಮ ಕೈಕೆಲಸವನ್ನೋ ಹಳೆಯ ಸಲಕರಣೆಯನ್ನೋ ತಂದಿಡುತ್ತಾರೆ, ಚೀಟಿ ಬಂದವರು ಒಯ್ಯುತ್ತಾರೆ, ಹಣ ಸಂಘಕ್ಕೆ ಸೇರುತ್ತದೆ. ಕುಲವಿಲ್ಲದ ಕಡೆ ಕೂಟವೊಂದು ಹುಟ್ಟಿಕೊಳ್ಳುವ ಬಗೆ ಇದು.

ಆದರೆ ವಿದ್ಯೆ ಮರಳಿದಾಗ ಅದನ್ನು ಹೊತ್ತುಕೊಂಡು ಬಂದಿದ್ದ ಜನವೂ ಮರಳಿದರು ಎನ್ನಲಾಗದು. ದಕ್ಷಿಣ ಕೆರೋಲಿನಾದ ಚಾರ್ಲ್‌ಸ್ಟನ್ನಿನ ಫಿಲಿಪ್ ಸಿಮನ್ಸ್ (1912–2009) ಆಫ್ರಿಕನ್ ಅಮೆರಿಕನ್ ಕಮ್ಮಾರರು. ಅವರಿಗೆ ಕಸುಬು ಕಲಿಸಿದ ಪೀಟರ್ ಸಿಮನ್ಸ್ ಗುಲಾಮಗಿರಿಯ ಕಾಲದಲ್ಲಿ ಹುಟ್ಟಿದವರು; ಹೆಸರು ಒಂದೇ ಆದರೂ ಇಬ್ಬರೂ ಬಂಧುಗಳಲ್ಲ. ಜಾನಪದ ವಿದ್ವಾಂಸ ಜಾನ್ ಮೈಕೆಲ್ ವ್ಲಾಚ್ 1981ರಲ್ಲಿ ಫಿಲಿಪ್ ಸಿಮನ್ಸ್ ಅವರ ಬದುಕನ್ನೂ ಕೆಲಸವನ್ನೂ ಕುರಿತು ಗ್ರಂಥ ಬರೆದರು. 1982ರಲ್ಲಿ ಅವರಿಗೆ ರಾಷ್ಟ್ರೀಯ ಪರಂಪರಾ ಗೌರವ ಸಂದಿತು. ಅಮೆರಿಕದ ದಕ್ಷಿಣ ಭಾಗದ ಕಬ್ಬಿಣದ ಕೆಲಸದಲ್ಲಿ ಗುಲಾಮ ಕಮ್ಮಾರರ ಪಾಲು ದೊಡ್ಡದು. ಹವ್ಯಾಸಿ ಕಮ್ಮಾರಿಕೆ ತನ್ನ ಪೂರ್ವಜರನ್ನು ನೆನೆಯುವಾಗ ಹಳ್ಳಿಯ ಬಿಳಿಯ ಕಮ್ಮಾರನ ಚಿತ್ರವೇ ಮುಂದೆ ಬರುವುದನ್ನು ವಿಮರ್ಶಕ ದೃಷ್ಟಿಯಿಂದ ನೋಡಬೇಕಾಗಿದೆ. ಅಡೆಗಲ್ಲಿನ ಮೇಲೆ ತಯಾರಕನ ಮುದ್ರೆ ಇರುತ್ತದೆ. ಅದರ ಮೇಲೆ ದುಡಿದವನ ಹೆಸರು ಇರುವುದು ಅಪರೂಪ.

ಈ ಚರಿತ್ರೆಗೆ ಕರ್ನಾಟಕದೊಡನೆ ನೇರ ಸಂಬಂಧವೊಂದುಂಟು. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಮೂಸೆಯಲ್ಲಿ ಉಕ್ಕು ಮಾಡುವ ಕ್ರಮವನ್ನು ದಾಖಲಿಸಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು ಮುಚ್ಚಿ ಕಾಯಿಸುತ್ತಿದ್ದರೆಂದು ಅವನು ಬರೆಯುತ್ತಾನೆ. ಯುರೋಪಿನಲ್ಲಿ ಇದು 'ವೂಟ್ಸ್' ಎಂದು ಹೆಸರಾಯಿತು. ಅದು ಕನ್ನಡದ 'ಉಕ್ಕು' ಶಬ್ದದ ರೂಪಾಂತರವೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಈ ಬಗೆಯ ಉಕ್ಕಿನಿಂದ ನೀರಲೆಯ ವಿನ್ಯಾಸವುಳ್ಳ ಖಡ್ಗಗಳನ್ನು ಮಾಡುವ ವಿದ್ಯೆ ಕಾಲಕ್ರಮದಲ್ಲಿ ಲುಪ್ತವಾಯಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಮತ್ತೆ ಸಾಧಿಸಲು ಹೊರಟವರಲ್ಲಿ ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಲೋಹಶಾಸ್ತ್ರಜ್ಞ ಜಾನ್ ವರ್‌ಹೋವೆನ್ ಒಬ್ಬರು. ಅವರ ಜೊತೆಗಾರ ಫ್ಲಾರಿಡಾದ ಆಲ್ಫ್ರೆಡ್ ಪೆಂಡ್ರೆ, ಕುದುರೆಗೆ ಲಾಳ ಕಟ್ಟುವ ಕಮ್ಮಾರ. ಕಬ್ಬಿಣದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ವನೇಡಿಯಂನಂತಹ ಬೆರಕೆಗಳು ಆ ವಿನ್ಯಾಸಕ್ಕೆ ಕಾರಣವೆಂದು ಅವರು 1998ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಹಳೆಯ ಖಡ್ಗಗಳು ಸಂಗ್ರಹಾಲಯಗಳಲ್ಲಿದ್ದವು, ಬುಕನನ್ನನಂತಹವರ ಬರಹಗಳಿದ್ದವು. ಆದರೂ ಮೂಸೆಯಿಂದ ತೆಗೆದ ಗಟ್ಟಿಯನ್ನು ಬಿರುಕು ಬಿಡದಂತೆ ಯಾವ ಕಾವಿನಲ್ಲಿ ಬಡಿಯಬೇಕೆಂಬುದನ್ನು ಒಬ್ಬ ಕಮ್ಮಾರನ ಕೈ ಪ್ರಯೋಗದ ಮೇಲೆ ಪ್ರಯೋಗ ಮಾಡಿ ಕಂಡುಕೊಳ್ಳಬೇಕಾಯಿತು. ಬುಕನನ್ ಎಷ್ಟು ಜನ, ಎಷ್ಟು ಕೂಲಿ, ಎಷ್ಟು ಇದ್ದಿಲು ಎಂಬುದನ್ನು ಜಾಗರೂಕತೆಯಿಂದ ಲೆಕ್ಕ ಹಾಕಿದವನು. ಲೆಕ್ಕಕ್ಕೆ ಸಿಗದ ಕೈಯ ಅಂದಾಜು ಅವನ ಬರಹದಿಂದ ತಪ್ಪಿಹೋಗಿದೆ.

ನಮ್ಮಲ್ಲಿ ಸ್ಥಿತಿ ಬೇರೆ. ಅಮೆರಿಕದಲ್ಲಿ ಉಪಕರಣ ಉಳಿದು ಕಸುಬುದಾರ ಹೋದ. ಇಲ್ಲಿ ಕಸುಬುದಾರ ಇನ್ನೂ ಇದ್ದಾನೆ, ಉಪಕರಣ ಗುಜರಿಗೆ ಹೋಗುತ್ತಿದೆ. ರೈತನ ಗುಳ ತಟ್ಟಿ, ಕುಡುಗೋಲಿಗೆ ಕಕ್ಕು ಹಾಕಿ, ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದ ವ್ಯವಸ್ಥೆ ಬಹುತೇಕ ಊರುಗಳಲ್ಲಿ ನಿಂತುಹೋಗಿದೆ. ಚರ್ಮದ ತಿದಿಯ ಜಾಗಕ್ಕೆ ವಿದ್ಯುತ್ ಬೀಸಣಿಗೆ ಬಂದಿದೆ, ಅಡೆಗಲ್ಲಿನ ಜಾಗದಲ್ಲಿ ಎಷ್ಟೋ ಕಡೆ ರೈಲು ಕಂಬಿಯ ತುಂಡಿದೆ, ಮಚ್ಚಿಗೆ ಲಾರಿಯ ಕಮಾನು ಪಟ್ಟಿ ಒದಗುತ್ತದೆ. ಇದನ್ನು ಅವನತಿ ಎನ್ನುವವರಿದ್ದಾರೆ, ನಾನು ಹಾಗೆನ್ನಲಾರೆ. ಕಮಾನು ಪಟ್ಟಿ ಒಳ್ಳೆಯ ಉಕ್ಕು, ಅದನ್ನು ಆರಿಸಿಕೊಂಡದ್ದು ಜಾಣತನ. ಕಮ್ಮಾರನ ಮಗ ಬೆಸುಗೆಯ ಅಂಗಡಿ ಇಟ್ಟರೆ ಅಥವಾ ಓದಿ ಬೇರೆ ಕೆಲಸಕ್ಕೆ ಹೋದರೆ, ಅವನನ್ನು ಕುಲುಮೆಗೆ ಮರಳಿ ಬಾ ಎಂದು ಕರೆಯುವ ಹಕ್ಕು ಸಂಶೋಧಕನಿಗಿಲ್ಲ. ಹವ್ಯಾಸಿಗೆ ಕುಲುಮೆಯ ಹೊಗೆ ಸಂತೋಷ ಕೊಟ್ಟೀತು. ಹುಟ್ಟಿನಿಂದ ಅದಕ್ಕೆ ಕಟ್ಟುಬಿದ್ದವನಿಗೆ ಅದು ಬೇರೆಯೇ.

ಸಂಶೋಧಕ ಮಾಡಬಹುದಾದುದು ದಾಖಲಾತಿ. ಮೈಸೂರಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಮೊದಲಾದವು ಕೃಷಿ ಮತ್ತು ಕಸುಬಿನ ಸಲಕರಣೆಗಳನ್ನು ಕಾಪಾಡಿ ದೊಡ್ಡ ಉಪಕಾರ ಮಾಡಿವೆ. ಇದರ ಮುಂದಿನ ಹೆಜ್ಜೆ ನಮ್ಮಂಥವರದು. ಅಡೆಗಲ್ಲಿನ ತೂಕವೆಷ್ಟು, ನೆಲದಿಂದ ಎತ್ತರವೆಷ್ಟು, ಕೂತು ಬಡಿಯುತ್ತಿದ್ದರೋ ನಿಂತೋ, ಎದುರು ಚಮ್ಮಟಿಗೆ ಹಿಡಿದವರು ಹೆಂಡತಿಯೋ ಮಗನೋ, ಹದ ನೋಡುವಾಗ ಕಬ್ಬಿಣದ ಬಣ್ಣಕ್ಕೆ ಯಾವ ಹೆಸರು ಹೇಳುತ್ತಿದ್ದರು, ಯಾವ ಬಣ್ಣದಲ್ಲಿ ನೀರಿಗೆ ಇಳಿಸುತ್ತಿದ್ದರು ಎಂಬುದನ್ನು ಕುಲುಮೆಯ ಬಳಿ ಕೂತೇ ಬರೆದುಕೊಳ್ಳಬೇಕು.

ಇದನ್ನು ಇತರರಿಗೆ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಪಿಎಚ್.ಡಿ. ಅಧ್ಯಯನದ ಕಾಲದಲ್ಲಿ ಹಳ್ಳಿಯೊಂದರ ಕುಲುಮೆಯಲ್ಲಿ ಕೂತು ಹಿರಿಯರೊಬ್ಬರಿಂದ ಕುಲಪುರಾಣದ ಕತೆಯನ್ನು ಧ್ವನಿಮುದ್ರಿಸಿಕೊಂಡಿದ್ದೆ. ಅವರು ಕೆಲಸ ನಿಲ್ಲಿಸದೆಯೇ ಕತೆ ಹೇಳಿದರು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ 'ಹಿನ್ನೆಲೆಯಲ್ಲಿ ಸದ್ದು, ಸ್ಪಷ್ಟವಿಲ್ಲ' ಎಂದು ಬರೆದಿಟ್ಟೆ. ಈಚೆಗೆ ಅದನ್ನು ಮತ್ತೆ ಕೇಳಿದಾಗ ಕತೆಗಿಂತ ಆ ಸದ್ದಿನ ಕಡೆಗೇ ಕಿವಿ ಹೋಯಿತು. ಹಿರಿಯರ ಸಣ್ಣ ಸುತ್ತಿಗೆ ಒಮ್ಮೆ ಬಿದ್ದು ಜಾಗ ತೋರಿಸುತ್ತದೆ, ಅಲ್ಲಿಗೇ ಎದುರಿನವರ ಚಮ್ಮಟಿಗೆ ಬೀಳುತ್ತದೆ. ಹೀಗೆ ಹತ್ತು ಹನ್ನೆರಡು ಹೊಡೆತಗಳಾದ ಮೇಲೆ ಸುತ್ತಿಗೆ ಬರಿಯ ಅಡೆಗಲ್ಲನ್ನು ಎರಡು ಸಲ ಹಗುರವಾಗಿ ತಟ್ಟುತ್ತದೆ, ಚಮ್ಮಟಿಗೆ ನಿಲ್ಲುತ್ತದೆ. ಮಾತಿಲ್ಲ. ಮತ್ತೆ ತಿದಿಯ ಉಸಿರು. ಎದುರಿಗೆ ಚಮ್ಮಟಿಗೆ ಹಿಡಿದಿದ್ದವರು ಯಾರೆಂದು ನನ್ನ ಟಿಪ್ಪಣಿಯಲ್ಲಿ ಬರೆದಿಲ್ಲ.